ಪಟ್ಟಾಂಗ: ಕಾಪುವಿನ ಹುಡುಗ, ಹ್ಯಾಮರ್ ಮಹಾಶಯ ಮತ್ತು ಎಂಟು ಹಾಡಿನ ಲೆಕ್ಕ

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ, ಓದುಗ ಮಿತ್ರರೇ? ಸಿನಿಮಾ ಹಾಡನ್ನು ಕೇಳಿ ಅಂತಿಲ್ಲ. ಕಂಡಕ್ಟರನನ್ನು ಕೇಳಿ! ‘ಮಣಿಪಾಲ್ ಪರ್ಕಳ ಹಿರಿಯಡ್ಕ ಬೈಲೂರ್ ಕಾರ್ಕಳ ಕಾರ್ಕಳ ಕಾರ್ಕಳಾ...’ ನಡುವೆ ಉಸಿರು ಎಲ್ಲಿ ತೆಗೆದ ಅಂತ ಆ ಶ್ರೀಕೃಷ್ಣನೇ ಹೇಳಬೇಕು. ಅವನು ಮುಗಿಸುವುದಕ್ಕಿಲ್ಲ, ಪಕ್ಕದ ಬಸ್ಸಿನವನು ‘ಉದ್ಯಾವರ ಕಟಪಾಡಿ ಪಾಂಗಾಳ ಕಾಪು, ಕಾಪು ಬನ್ನಿ ಕಾಪು’ ಅಂತ ಎತ್ತಿಕೊಳ್ಳುತ್ತಾನೆ. ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಪೆಟ್ಟು. ಅದೇ ತಾಳ, ಅದೇ ಮೇಳ. ಅಮೆರಿಕದವರು ಇದಕ್ಕೆ ರ‍್ಯಾಪ್ ಎಂದು ಹೆಸರಿಟ್ಟು ಕೋಟಿಗಟ್ಟಲೆ ಡಾಲರ್ ಎಣಿಸಿದರು. ನಮ್ಮವನು ‘ರೈಟ್ ಪೋಯಿ’ ಅಂತ ಸೀಟಿ ಊದಿ ಟಿಕೆಟ್ ಹರಿಯುತ್ತಿದ್ದಾನೆ!

ಈ ಮಾತು ನೆನಪಾಗಿದ್ದಕ್ಕೆ ಕಾರಣ ಉಂಟು. ಮೊನ್ನೆ ಅದೇ ಬಸ್ ಸ್ಟ್ಯಾಂಡಿನ ಪತ್ರಿಕೆ ಅಂಗಡಿಯ ಮುಂದೆ ನಿಂತಿದ್ದೆ. ನಮ್ಮ ಪತ್ರಿಕೆ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಅಂತ ಓರೆಗಣ್ಣಲ್ಲಿ ನೋಡುವುದು ನನ್ನ ಹಳೆಯ ದುರಭ್ಯಾಸ. ಆಗ ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ತಲೆಗೆ ಹಿಂದುಮುಂದಾದ ಟೊಪ್ಪಿ, ಕಂಕುಳಲ್ಲಿ ಒಂದು ನೋಟುಬುಕ್ಕು.

‘ಸಾರ್, ಪಟ್ಟಾಂಗ ಬರೆಯುವವರು ನೀವೇ ಅಲ್ವಾ? ನಾನೊಂದು ಆಲ್ಬಂ ಮಾಡ್ಲಿಕ್ಕೆ ಹೊರಟಿದ್ದೇನೆ. ರ‍್ಯಾಪ್ ಆಲ್ಬಂ. ನೀವು ನಾಲ್ಕು ಸಾಲು ಬರೀಬೇಕು.’

ಬರೆಯೋಣ, ಅದಕ್ಕೇನು? ಆದರೆ ಎಂತ ಆಲ್ಬಂ, ಯಾರ ದುಡ್ಡು, ಎಷ್ಟು ಹಾಡು ಅಂತ ಕೇಳಬೇಕಲ್ಲ. ಕೇಳಿದೆ. ಹುಡುಗ ಕಾಪುವಿನವನು. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕಾರ್ಕಳದ ಸ್ನೇಹಿತನೊಬ್ಬ ಕಂಪ್ಯೂಟರಿನಲ್ಲಿ ಬೀಟ್ ಕಟ್ಟಿಕೊಡುತ್ತಾನೆ. ಮಣಿಪಾಲದ ಕಡೆಯ ಒಂದು ಸ್ಟುಡಿಯೋದವರು ಹಾಡಿಗೆ ಹದಿನೈದು ಸಾವಿರ ಹೇಳಿದ್ದಾರೆ. ಎಂಟು ಹಾಡು, ಕನ್ನಡ ಮತ್ತು ತುಳು ಬೆರಕೆ. ಅಲ್ಲಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ. ಮೇಲೆ ಬೆಂಗಳೂರಿನ ಯಾರೋ ಒಬ್ಬರು ‘ಪ್ರಚಾರಕ್ಕೆ’ ಅಂತ ನಲವತ್ತು ಸಾವಿರ ಕೇಳಿದ್ದಾರಂತೆ. ಒಟ್ಟು ಒಂದು ಲಕ್ಷದ ಅರವತ್ತು ಸಾವಿರ.

‘ದುಡ್ಡು ಎಲ್ಲಿಂದ?’

ಹುಡುಗ ಟೊಪ್ಪಿ ಸರಿ ಮಾಡಿಕೊಂಡ. ‘ಅಮ್ಮನದ್ದು ಸೊಸೈಟಿಯಲ್ಲಿ ಡಿಪಾಸಿಟ್ ಉಂಟು ಸಾರ್. ಬೀಡಿ ಕಟ್ಟಿದ್ದು.’

ನನ್ನ ಎದೆ ಧಸಕ್ಕೆಂದಿತು. ಕರಾವಳಿಯಲ್ಲಿ ಹುಟ್ಟಿದವರಿಗೆ ಆ ಮಾತಿನ ತೂಕ ಗೊತ್ತು. ಸಾವಿರ ಬೀಡಿ ಕಟ್ಟಬೇಕಾದರೆ ಬೆಳಿಗ್ಗೆ ಕೂತವರು ಸಂಜೆಗೆ ಏಳಬೇಕು. ಅಂಥ ಎಷ್ಟು ದಿನ ಸೇರಿದರೆ ಒಂದು ಡಿಪಾಸಿಟ್ ಆಗುತ್ತದೆ ಅಂತ ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ. ‘ಬಾ, ಕಾಪು ಬಸ್ಸಿಗೆ ಹತ್ತು, ಮಾತಾಡುತ್ತಾ ಹೋಗೋಣ’ ಅಂದೆ. ಈ ವಾರದ ಪಟ್ಟಾಂಗ ಆ ಬಸ್ಸಿನಲ್ಲಿ ನಡೆದದ್ದು. ನೀವೂ ಒಂದು ಸೀಟು ಹಿಡಿಯಿರಿ.

ಕಿನ್ನಿಮುಲ್ಕಿ ದಾಟುವಷ್ಟರಲ್ಲಿ ನಾನು ಮೊದಲ ತಕರಾರು ತೆಗೆದೆ. ‘ಎಂಟು ಹಾಡು ಯಾಕೆ ಮಾರಾಯ? ನಮ್ಮ ಕನ್ನಡದಲ್ಲಿ ಆಲ್ಬಂ ಅಂದರೆ ಒಂದೇ ಹಾಡಲ್ವಾ?’

ತಮಾಷೆ ಮಾತಲ್ಲ ಇದು. ಕ್ಯಾಸೆಟ್ಟಿನ ಕಾಲದಲ್ಲಿ ಧ್ವನಿಸುರುಳಿ ಅಂದರೆ ಎರಡು ಮಗ್ಗುಲು, ತುಂಬ ಹಾಡು. 1987ರಲ್ಲಿ ರವಿಚಂದ್ರನ್ ‘ಪ್ರೇಮಲೋಕ’ ಬಂದಾಗ ಅದರ ಕ್ಯಾಸೆಟ್ಟು ಹಾಕದ ಬಸ್ಸು ನಮ್ಮ ಕಡೆ ಇತ್ತೇ? ಹಂಸಲೇಖ ಅವರ ಆ ಹಾಡುಗಳಲ್ಲಿ ಅರ್ಧ ಮಾತು, ಅರ್ಧ ರಾಗ. ಹುಡುಗ ಹುಡುಗಿ ಬೀದಿಯಲ್ಲಿ ಜಗಳವಾಡಿದ ಹಾಗೆ ಹಾಡಿಕೊಂಡರು. ರ‍್ಯಾಪ್ ಎಂಬ ಹೆಸರು ಆಗ ಕಾರ್ಕಳಕ್ಕೆ ಬಂದಿರಲಿಲ್ಲ, ಬಂದಿದ್ದರೆ ನಾವು ಅದನ್ನೇ ಹಾಗೆ ಕರೆಯುತ್ತಿದ್ದೆವೋ ಏನೋ. ಆಮೇಲೆ 1998ರಲ್ಲಿ ಕುಂದಾಪುರ ಕಡೆಯ ನಮ್ಮ ಉಪೇಂದ್ರ ‘ಎ’ ಮಾಡಿದರು, ಮಂಗಳೂರಿನ ಗುರುಕಿರಣ್ ಅದರಲ್ಲೇ ಸಂಗೀತ ನಿರ್ದೇಶಕರಾದರು. ಅಲ್ಲಿಂದ ಹುಡುಗರ ಬಾಯಿಮಾತು ಹಾಡಿನೊಳಗೆ ಚಪ್ಪಲಿ ಹಾಕಿಕೊಂಡೇ ನಡೆದು ಬಂತು. ಹಿರಿಯರು ಮೂಗು ಮುರಿದರು. ಹುಡುಗರು ಇನ್ನೊಂದು ಟಿಕೆಟ್ ತೆಗೆದರು!

ಕನ್ನಡಕ್ಕೆ ಹಿಪ್ ಹಾಪ್ ಎಂದು ಹೆಸರು ಹೇಳಿಕೊಂಡೇ ಬಂದವರು ಬೆಂಗಳೂರಿನ ಹುಡುಗರು. ‘ಅರ್ಬನ್ ಲ್ಯಾಡ್ಸ್’ ಅಂತ ಒಂದು ತಂಡ. ಅದರಲ್ಲಿದ್ದ ರಾಕೇಶ್ ಅಡಿಗರನ್ನು ನೀವು 2009ರ ‘ಜೋಶ್’ ಚಿತ್ರದಲ್ಲಿ ನೋಡಿದ್ದೀರಿ. ಜೊತೆಗಿದ್ದ ಆಲೋಕ್ ಈಗ ‘ಆಲ್ ಓಕೆ’. ಆದರೆ ರ‍್ಯಾಪನ್ನು ಮದುವೆ ಮನೆಗೆ, ಮೆಹಂದಿ ರಾತ್ರಿಗೆ, ಗಣೇಶೋತ್ಸವದ ಟ್ರಾಲಿಗೆ ಹತ್ತಿಸಿದ ಪುಣ್ಯಾತ್ಮ ಯಾರು ಅಂತ ಕೇಳಿದರೆ ಚಂದನ್ ಶೆಟ್ಟಿ ಅನ್ನದೆ ಬೇರೆ ದಾರಿಯಿಲ್ಲ. ಹಾಸನ ಜಿಲ್ಲೆಯ ಹುಡುಗ. ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಬಳಗದಲ್ಲಿ ಕೈ ಪಳಗಿಸಿಕೊಂಡವರು. 2017ರ ಹೊತ್ತಿಗೆ ಅವರ ‘ತ್ರೀ ಪೆಗ್’ ಹೇಗೆ ಹಬ್ಬಿತೆಂದರೆ, ಲೋಟ ಮುಟ್ಟದ ಹುಡುಗರೂ ಪೆಗ್ಗಿನ ಲೆಕ್ಕ ಹೇಳುವಂತಾಯಿತು. 2018ರ ಜನವರಿಯಲ್ಲಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದು 50 ಲಕ್ಷ ಬಹುಮಾನ ಎತ್ತಿಕೊಂಡರು. 2020ರಲ್ಲಿ ‘ಪೊಗರು’ ಚಿತ್ರದ ‘ಖರಾಬು’ ಹಾಡಿಗೆ ರಾಗ ಹಾಕಿ ಹಾಡಿದರು. ಸಿನಿಮಾ ಥೇಟರಿಗೆ ಬಂದದ್ದು 2021ರಲ್ಲಿ. ಅಷ್ಟರೊಳಗೆ ಹಾಡು ಯೂಟ್ಯೂಬಿನಲ್ಲಿ ಕೋಟಿಗಳನ್ನು ದಾಟಿ ಎಲ್ಲೋ ಹೋಗಿತ್ತು.

ನನಗೆ ಕುಡಿತದ ಹಾಡುಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಒಂದು ಬಂದರೆ ಹಿಂದೆಯೇ ಹತ್ತು ಬರುತ್ತವೆ, ಎಲ್ಲದರಲ್ಲೂ ಅದೇ ಬಾಟ್ಲಿ, ಅದೇ ಹುಡುಗಿ, ಅದೇ ಕೈಕೊಡುವುದು. ಆದರೆ ‘ತ್ರೀ ಪೆಗ್’ ಗೆದ್ದದ್ದು ಬಾಟ್ಲಿಯಿಂದ ಅಲ್ಲ ಅಂತ ನನ್ನ ವಾದ. ಅದರ ಮಾತು ಬೆಂಗಳೂರಿನ ಇಂಗ್ಲಿಷಿನಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿರಲಿಲ್ಲ. ಕಾರ್ಕಳದ ಮೆಹಂದಿ ಮನೆಯಲ್ಲಿ ಹಂಡೆ ತೊಳೆಯುವ ಹುಡುಗನಿಗೂ ಮೊದಲ ಸಲ ಕೇಳುವಾಗಲೇ ಅರ್ಥವಾಯಿತು, ಎರಡನೇ ಸಲಕ್ಕೆ ಬಾಯಿಪಾಠ ಬಂತು.

ಇಲ್ಲಿ ಗಮನಿಸಿ ಮಿತ್ರರೇ. ನಮ್ಮವರು ‘ತ್ರೀ ಪೆಗ್ ಆಲ್ಬಂ’ ಅನ್ನುತ್ತಾರೆ. ಇರುವುದು ಒಂದೇ ಹಾಡು! ಸಿನಿಮಾಕ್ಕೆ ಸೇರದ ಹಾಡೆಲ್ಲ ನಮಗೆ ಆಲ್ಬಂ. ಯಾಕೆ ಹೀಗಾಯಿತು? ಕ್ಯಾಸೆಟ್ಟಿಗೆ ದುಡ್ಡು ಕೊಟ್ಟವನು ಒಳ್ಳೆಯ ಎರಡು ಹಾಡಿಗಾಗಿ ಉಳಿದ ಆರನ್ನೂ ಕೊಂಡು ತರುತ್ತಿದ್ದ. ಕೊಂಡ ತಪ್ಪಿಗೆ ಕೇಳುತ್ತಿದ್ದ. ಕೇಳುತ್ತಾ ಕೇಳುತ್ತಾ ಮೂರನೆಯದೂ ಹಿಡಿಸುತ್ತಿತ್ತು. ಈಗ ಫೋನಿನಲ್ಲಿ ಹೆಬ್ಬೆರಳು ಒಂದು ಸಲ ಜಾರಿದರೆ ನಿಮ್ಮ ಹಾಡು ಹೋಯಿತು, ಮುಂದಿನದು ಬಂತು. ಎಂಟು ಹಾಡು ಒಟ್ಟಿಗೆ ಬಿಟ್ಟರೆ ಏಳು ಅನಾಥ. ಅದಕ್ಕೇ ಬುದ್ಧಿವಂತರು ಒಂದೊಂದಾಗಿ ಬಿಡುತ್ತಾರೆ.

ಹುಡುಗ ಒಪ್ಪಲಿಲ್ಲ. ‘ಅಮೆರಿಕದಲ್ಲಿ ಎಲ್ಲ ದೊಡ್ಡವರೂ ಆಲ್ಬಮ್ಮಿನಿಂದಲೇ ದೊಡ್ಡವರಾದದ್ದು ಸಾರ್. ಒಂದು ಹಾಡು ಬಿಟ್ರೆ ಜನ ವಾರದಲ್ಲಿ ಮರೀತಾರೆ. ಆಲ್ಬಂ ಆದ್ರೆ ಹೆಸರು ಉಳೀತದೆ.’

ಆಗ ನನಗೆ ಹ್ಯಾಮರ್ ಮಹಾಶಯ ನೆನಪಾದ. ಉದ್ಯಾವರ ಸೇತುವೆ ಬಂತು. ನಾನು ಕಥೆ ಶುರು ಮಾಡಿದೆ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಓಕ್‌ಲೆಂಡ್ ಅಂತ ಒಂದು ಬಂದರು ಪಟ್ಟಣ. ಅಲ್ಲಿ ಸ್ಟ್ಯಾನ್ಲಿ ಬರ್ರೆಲ್ ಎಂಬ ಬಡ ಹುಡುಗ. ಬೇಸ್‌ಬಾಲ್ ಕ್ರೀಡಾಂಗಣದ ಹೊರಗೆ ನಿಂತು ಕುಣಿಯುತ್ತಿದ್ದ. ತಂಡದ ಯಜಮಾನರ ಕಣ್ಣಿಗೆ ಬಿದ್ದ. ಬ್ಯಾಟು ಎತ್ತಿಕೊಡುವ ಕೆಲಸ ಸಿಕ್ಕಿತು. ಮುಖ ನೋಡಿದರೆ ಹ್ಯಾಂಕ್ ಏರನ್ ಎಂಬ ಹೆಸರಾಂತ ಆಟಗಾರನ ಹಾಗಿದ್ದಾನೆ ಅಂತ ಅವನ ಅಡ್ಡಹೆಸರು ಇವನಿಗೂ ಅಂಟಿತು: ಹ್ಯಾಮರ್, ಅಂದರೆ ಸುತ್ತಿಗೆ! ಬೆಳೆದು ದೊಡ್ಡವನಾದ ಮೇಲೆ ಅದೇ ತಂಡದ ಇಬ್ಬರು ಆಟಗಾರರು ತಲಾ 20,000 ಡಾಲರ್ ಕೊಟ್ಟರು. ಸ್ವಂತ ಕಂಪನಿ ತೆರೆದ. ತನ್ನ ರೆಕಾರ್ಡನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಊರೂರು ಮಾರಿದ. ನಮ್ಮಲ್ಲಿ ಲಾಟರಿ ಟಿಕೆಟ್ ಮಾರಿದ ಹಾಗೆ. ಹೀಗೆ ಮಾರಿ ತೋರಿಸಿದ ಮೇಲೆ, 1988ರಲ್ಲಿ, ಕ್ಯಾಪಿಟಲ್ ಎಂಬ ದೊಡ್ಡ ಕಂಪನಿ ಬಾಗಿಲು ತೆರೆಯಿತು.

ಇನ್ನು ಮುಂದಿನದು ಕೇಳಿ. 1990ರಲ್ಲಿ ಅವನ ಆಲ್ಬಂ ಬಂತು. ‘ಪ್ಲೀಸ್ ಹ್ಯಾಮರ್ ಡೋಂಟ್ ಹರ್ಟ್ ಎಮ್’ ಅಂತ ಹೆಸರು. ಅದರ ಬಹುಪಾಲು ಧ್ವನಿಮುದ್ರಣ ಎಲ್ಲಿ ನಡೆದದ್ದು ಗೊತ್ತುಂಟಾ? ಬಸ್ಸಿನಲ್ಲಿ! ಊರಿಂದೂರಿಗೆ ಕಾರ್ಯಕ್ರಮಕ್ಕೆ ಹೋಗುವ ಬಸ್ಸಿನ ಹಿಂಬದಿಯಲ್ಲಿ ಪುಟ್ಟ ಸ್ಟುಡಿಯೋ ಮಾಡಿಕೊಂಡು ಹಾಡಿದ. ಖರ್ಚು ಹತ್ತು ಸಾವಿರ ಡಾಲರಿನ ಆಸುಪಾಸು ಅಂತ ಆಗ ಬರೆದರು. ಅಲ್ಲಿನ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಆ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 21 ವಾರ ಒಂದನೇ ಸ್ಥಾನದಲ್ಲಿ ಕೂತಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶತದಿನೋತ್ಸವ ಆಗಿ ಮೇಲೆ ಒಂದೂವರೆ ತಿಂಗಳು! ಅಮೆರಿಕದಲ್ಲೇ ಒಂದು ಕೋಟಿ ಪ್ರತಿಯ ಲೆಕ್ಕ ಮುಟ್ಟಿದ ಮೊದಲ ಹಿಪ್ ಹಾಪ್ ಆಲ್ಬಂ ಅದು. ಅವನು ಹಾಕುತ್ತಿದ್ದ ಗಾಳಿ ತುಂಬಿದ ಚೀಲದಂಥ ಪ್ಯಾಂಟು ನೆನಪಿದೆಯಾ? ನಮ್ಮ ಊರಿನ ದರ್ಜಿಗಳೂ ಮೂರು ಮೀಟರ್ ಬಟ್ಟೆ ತನ್ನಿ ಅನ್ನತೊಡಗಿದ್ದು ಆ ಕಾಲದಲ್ಲೇ. ಹ್ಯಾಮರ್ ಬೊಂಬೆ ಬಂತು, ಹ್ಯಾಮರ್ ಕಾರ್ಟೂನ್ ಬಂತು.

ಹುಡುಗನ ಕಣ್ಣು ಮಿನುಗತೊಡಗಿತು. ‘ನೋಡಿ ಸಾರ್, ನಾನು ಹೇಳಿದ್ದು ಅದೇ!’

‘ನಿಲ್ಲು, ಇಂಟರ್‌ವಲ್ ಈಗ ಆದದ್ದು’ ಅಂದೆ.

ಇಂಟರ್‌ವಲ್ ನಂತರದ ಚಿತ್ರ ಬೇರೆ. ಬಂಧು ಬಳಗ, ಗೆಳೆಯರು, ಊರವರು ಅಂತ ಸುಮಾರು 200 ಮಂದಿಗೆ ಸಂಬಳ. ಗುಡ್ಡದ ಮೇಲೆ ಅರಮನೆ. ಕುದುರೆ, ಕಾರು. ಅವನು ಕೆಟ್ಟವನಲ್ಲ, ಕೈ ದೊಡ್ಡದು ಅಷ್ಟೇ. ಓಕ್‌ಲೆಂಡಿನ ಕೆಲಸವಿಲ್ಲದ ಹುಡುಗರನ್ನು ಕರೆದು ಕೆಲಸ ಕೊಟ್ಟ. ಮುಂದಿನ ಆಲ್ಬಂಗಳೂ ಮಾರಿದವು, ಆದರೆ ಆ ಹಿಂದಿನ ಹುಚ್ಚು ಮತ್ತೆ ಬರಲಿಲ್ಲ. 1996ರಲ್ಲಿ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿದ. ಸಾಲ 1 ಕೋಟಿ 30 ಲಕ್ಷ ಡಾಲರಿನ ಆಸುಪಾಸು. ಅರಮನೆ ಕಟ್ಟಿದ ಬೆಲೆಯ ಸಣ್ಣ ಪಾಲಿಗೆ ಮಾರಿಹೋಯಿತು.

ಆಲ್ಬಂ ಸೋತು ದಿವಾಳಿಯಾದವರು ಸಾವಿರ ಮಂದಿ ಇದ್ದಾರೆ. ಇವನು ಗೆದ್ದು ದಿವಾಳಿಯಾದವನು! ಆದರೆ ನನಗೆ ಅವನ ಬೀಳುವಿಕೆಗಿಂತ ಆ ಬಸ್ಸೇ ಹೆಚ್ಚು ಇಷ್ಟ. ಮೊದಲು ಡಿಕ್ಕಿಯಲ್ಲಿಟ್ಟು ಮಾರಿದ, ಜನ ಕೊಳ್ಳುತ್ತಾರೆ ಅಂತ ಗೊತ್ತಾಯಿತು, ಆಮೇಲೆ ಆಲ್ಬಂ ಮಾಡಿದ. ಅದೂ ಅಗ್ಗದಲ್ಲಿ. ‘ನೀನು ಮಾರುವುದಕ್ಕಿಂತ ಮೊದಲು ಅಮ್ಮನ ಡಿಪಾಸಿಟ್ ಮುರಿಯಲು ಹೊರಟಿದ್ದಿಯಲ್ಲ ಮಾರಾಯ’ ಅಂದೆ. ಹುಡುಗ ಕಿಟಕಿಯಾಚೆ ನೋಡಿದ. ಕಟಪಾಡಿ ಬಂತು. ಮಲ್ಲಿಗೆ ಅಟ್ಟೆಗಳ ಬುಟ್ಟಿ ಹಿಡಿದ ಹೆಂಗಸೊಬ್ಬರು ಹತ್ತಿದರು. ಬಸ್ಸೆಲ್ಲ ಘಮಘಮ.

ಹ್ಯಾಮರ್ ಕಥೆಗೆ ಒಂದು ಬಾಲ ಉಂಟು. ಅವನನ್ನು ಜಗತ್ತಿಗೆಲ್ಲ ಹಂಚಿದ ಹಾಡು ‘ಯು ಕಾಂಟ್ ಟಚ್ ದಿಸ್’. ಅದರ ಅಡಿಯಲ್ಲಿ ಓಡುವ ಸಂಗೀತ ರಿಕ್ ಜೇಮ್ಸ್ ಎಂಬವನ ಹಳೆಯ ‘ಸೂಪರ್ ಫ್ರೀಕ್’ ಹಾಡಿನದು. ರಿಕ್ ಜೇಮ್ಸ್ ಕೋರ್ಟಿಗೆ ಹೋದ. ರಾಜಿಯಾಯಿತು, ಅವನ ಹೆಸರನ್ನೂ ಕರ್ತೃವಾಗಿ ಸೇರಿಸಿದರು. ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವನಿಗೂ ಪಾಲು ಬಂತು! ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. 1992ರಲ್ಲಿ ನಮ್ಮ ದೇಶದಲ್ಲಿ ಬಾಬಾ ಸೆಹಗಲ್ ‘ಠಂಡಾ ಠಂಡಾ ಪಾನಿ’ ಅಂತ ಹಿಂದಿ ರ‍್ಯಾಪ್ ಕ್ಯಾಸೆಟ್ ತಂದ. ಭರ್ಜರಿ ಮಾರಾಟ. ಆ ಧಾಟಿ ವೆನಿಲಾ ಐಸ್ ಎಂಬ ಅಮೆರಿಕದವನದು. ಅವನು ಅದನ್ನು ಎತ್ತಿದ್ದು ಇಂಗ್ಲೆಂಡಿನ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ 1981ರಲ್ಲಿ ಹಾಡಿದ ಹಾಡಿನಿಂದ. ಒಂದೇ ಕೊಡದ ನೀರು ಮೂರು ಮನೆ ಸುತ್ತಿತು. ತಣ್ಣಗೇ ಇತ್ತು ಅನ್ನಿ!

ನಾನು ಈ ಬಾಲವನ್ನು ಸುಮ್ಮನೆ ಎಳೆಯಲಿಲ್ಲ. ಹುಡುಗನ ನೋಟುಬುಕ್ಕು ತಿರುವಿ ಹಾಕಿದಾಗ ಏಳನೇ ಹಾಡಿನಲ್ಲಿ ಕಣ್ಣು ನಿಂತಿತ್ತು. ಅದರಲ್ಲಿ ದೈವದ ಪಾಡ್ದನದ ತುಂಡು ಉಂಟು, ಪಾತ್ರಿಯ ನುಡಿಯ ಧಾಟಿ ಉಂಟು, ಕೆಳಗೆ ‘ಇಲ್ಲಿ ಡೋಲು ಬೀಟ್ ಜೋರು’ ಅಂತ ಪೆನ್ಸಿಲಿನಲ್ಲಿ ಬರೆದದ್ದು ಉಂಟು.

‘ಕಾಂತಾರ ಬಂದ ಮೇಲೆ ಇದೇ ಓಡುವುದು ಸಾರ್’ ಅಂದ.

ಓಡುತ್ತದೆ, ನಿಜ. ಆದರೆ ಯಾವ ಕಡೆಗೆ? ‘ಕಾಂತಾರ’ದ ‘ವರಾಹ ರೂಪಂ’ ಹಾಡು 2022ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು ಇದು ನಮ್ಮ ‘ನವರಸಂ’ ಹಾಡಿನ ಹಾಗಿದೆ ಅಂತ ಕೋಝಿಕ್ಕೋಡಿನ ಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು, ಹಾಡು ಯೂಟ್ಯೂಬಿನಿಂದ ಇಳಿಯಿತು. ಸಿನಿಮಾ ಮನೆಯ ಟಿವಿಗೆ ಬಂದಾಗ ಮೊದಲು ಬೇರೆ ಧಾಟಿಯಲ್ಲಿ ಹಾಡಿಸಿದ್ದರು. ಆಮೇಲೆ ಮೂಲ ಹಾಡು ಮರಳಿ ಬಂತು ಅನ್ನಿ. ಕೋಟಿ ಕೋಟಿ ಗಳಿಸಿದ ಚಿತ್ರಕ್ಕೆ ವಕೀಲರಿಗೆ ಕೊಡಲು ದುಡ್ಡಿತ್ತು. ಜೆರಾಕ್ಸ್ ಅಂಗಡಿಯ ಹುಡುಗನಿಗೆ?

ಚಂದನ್ ಶೆಟ್ಟಿಗೂ ಇಂಥದೊಂದು ಪೆಟ್ಟು ಬಿದ್ದಿದೆ. 2020ರ ಆಗಸ್ಟಿನಲ್ಲಿ ಅವರು ‘ಕೋಲುಮಂಡೆ’ ಹಾಡು ಬಿಟ್ಟರು. ಮಲೆ ಮಹದೇಶ್ವರನ ಜನಪದ ಪರಂಪರೆಯ ಹಾಡು, ಮೇಲೆ ರ‍್ಯಾಪಿನ ಒಗ್ಗರಣೆ. ವಿಡಿಯೋದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಿಲ್ಲ ಅಂತ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋ ಇಳಿಯಿತು. ಅಲ್ಲಿ ಕಾಪಿರೈಟಿನ ಪ್ರಶ್ನೆ ಇರಲಿಲ್ಲ. ಜನಪದ ಹಾಡಿಗೆ ಕೋರ್ಟಿನಲ್ಲಿ ಯಜಮಾನ ಇಲ್ಲದಿರಬಹುದು, ಬೆಟ್ಟದ ದಾರಿಯಲ್ಲಿ ಅದನ್ನು ಹಾಡಿಕೊಂಡು ನಡೆಯುವ ಸಾವಿರಾರು ಯಜಮಾನರು ಇರುತ್ತಾರೆ.

‘ಅಮ್ಮನೂ ಅದನ್ನೇ ಹೇಳಿದ್ರು. ಕೋಲದಲ್ಲಿ ಹೇಳುವ ಮಾತು ಮೆಹಂದಿಯಲ್ಲಿ ಕುಣೀಲಿಕ್ಕೆ ಅಲ್ಲ ಅಂತ’ ಅಂದ ಹುಡುಗ, ಸ್ವಲ್ಪ ಸಣ್ಣ ದನಿಯಲ್ಲಿ. ಏಳನೇ ಹಾಡಿನ ಹಾಳೆಯ ಮೂಲೆ ಮಡಿಸಿದ. ಹರಿಯಲಿಲ್ಲ, ಮಡಿಸಿದ. ಕವಿಗಳೆಲ್ಲ ಹಾಗೆಯೇ!

ಇನ್ನು ಬೆಂಗಳೂರಿನ ಆ ‘ಪ್ರಚಾರ’ದ ಮಹಾಶಯರ ವಿಷಯ. ಅವರು ಕಳಿಸಿದ ಒಪ್ಪಂದ ಹುಡುಗನ ಫೋನಿನಲ್ಲಿತ್ತು. ಕನ್ನಡಕ ಏರಿಸಿ ಓದಿದೆ. ಎರಡು ಪುಟ. ಹಾಡು, ಸಾಹಿತ್ಯ, ರಾಗ, ವಿಡಿಯೋ, ಹಾಡುಗಾರನ ಹೆಸರು, ಮುಂದೆ ಕಂಡುಹಿಡಿಯಲಾಗುವ ಯಾವುದೇ ಮಾಧ್ಯಮ, ಎಲ್ಲವೂ ಶಾಶ್ವತವಾಗಿ ಅವರದು. ಹುಡುಗನಿಗೆ ಸಿಗುವುದು ‘ಜನಪ್ರಿಯತೆ’. ಮೇಲೆ ನಲವತ್ತು ಸಾವಿರ ಹುಡುಗನೇ ಕೊಡಬೇಕು. ಮದುಮಗನನ್ನೂ ಕೊಟ್ಟು, ವರದಕ್ಷಿಣೆಯನ್ನೂ ಕೊಟ್ಟು, ಊಟದ ಎಲೆಯನ್ನೂ ತೊಳೆದುಕೊಡುವ ಮದುವೆ!

ಹಾಡು ಬರೆಯುವ ಹುಡುಗರೇ, ಈ ಭಾಗವನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಳ್ಳಿ. 2012ರಲ್ಲಿ ನಮ್ಮ ದೇಶದ ಕಾಪಿರೈಟ್ ಕಾನೂನು ತಿದ್ದುಪಡಿಯಾಗಿದೆ. ಸಾಹಿತ್ಯ ಬರೆದವನಿಗೂ ರಾಗ ಹಾಕಿದವನಿಗೂ ಹಾಡಿನ ಗಳಿಕೆಯಲ್ಲಿ ರಾಯಧನದ ಪಾಲು ಉಂಟು. ಕಂಪನಿಗೆ ಹಕ್ಕು ಬರೆದುಕೊಟ್ಟರೂ ಆ ಪಾಲನ್ನು ಕೇಳುವ ಹಕ್ಕು ಹೋಗುವುದಿಲ್ಲ, ಬಿಟ್ಟುಕೊಟ್ಟೆ ಅಂತ ಸಹಿ ಹಾಕಿಸಿಕೊಂಡರೂ ಆ ಸಹಿ ನಿಲ್ಲುವುದಿಲ್ಲ. ಪಾಲು ಸಮಸಮ. ಅದನ್ನು ವಸೂಲಿ ಮಾಡಿ ಹಂಚುವುದಕ್ಕೆ ಐಪಿಆರ್‌ಎಸ್ ಎಂಬ ಸಂಸ್ಥೆ ಮುಂಬೈಯಲ್ಲಿ 1969ರಿಂದ ಉಂಟು. ಬರೆದವರು, ರಾಗ ಹಾಕಿದವರು ಸದಸ್ಯರಾಗಬೇಕು, ಹಾಡನ್ನು ತಮ್ಮ ಹೆಸರಿನಲ್ಲಿ ದಾಖಲಿಸಬೇಕು. ದಾಖಲಿಸದವನ ಪಾಲನ್ನು ಯಾರೂ ಮನೆಗೆ ತಂದು ಕೊಡುವುದಿಲ್ಲ. ಕಾರ್ಕಳದ ಸ್ನೇಹಿತ ಬೀಟ್ ಕಟ್ಟಿದ್ದಾನಲ್ಲ, ಅವನಿಗೆಷ್ಟು ನಿನಗೆಷ್ಟು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ ಅಂದೆ. ‘ಅವ ನನ್ನ ಚಡ್ಡಿ ದೋಸ್ತು ಸಾರ್’ ಅಂದ. ಚಡ್ಡಿ ದೋಸ್ತಿ ಮುರಿಯುವುದು ಹಾಡು ಸೋತಾಗ ಅಲ್ಲ ಮಾರಾಯ, ಓಡಿದಾಗ!

ಮತ್ತೆ ಪ್ರಚಾರ? ಆಲ್ ಓಕೆಯನ್ನು ನೋಡಿ. ತನ್ನ ಹಾಡನ್ನು ತನ್ನದೇ ಯೂಟ್ಯೂಬ್ ಚಾನೆಲ್ಲಿಗೆ ಹಾಕಿ ಜನ ಸೇರಿಸಿದ ಮನುಷ್ಯ. ‘ಹ್ಯಾಪಿ’ ಹಾಡು ಕೇಳದ ಹಾಸ್ಟೆಲ್ ಮಣಿಪಾಲದಲ್ಲಿ ಉಂಟಾ? ಕುಡಿತವಿಲ್ಲ, ಬಾಟ್ಲಿಯಿಲ್ಲ, ಬೇಸರವಾದ ಗೆಳೆಯನ ಬೆನ್ನು ತಟ್ಟಿದ ಹಾಗಿದೆ. ಸ್ವಂತ ಚಾನೆಲ್ ನಿಧಾನ, ಒಪ್ಪುತ್ತೇನೆ. ಮೊದಲ ವಾರ ನೋಡುವವರು ನಿಮ್ಮ ಚಿಕ್ಕಪ್ಪನ ಮಕ್ಕಳೇ ಇರುತ್ತಾರೆ. ಆದರೆ ಹಾಡು ನಿಮ್ಮ ಮನೆಯದಾಗಿಯೇ ಇರುತ್ತದೆ.

ಕಾಪು ಬಂತು. ‘ಬನ್ನಿ ಸಾರ್, ಅಮ್ಮನನ್ನು ನೋಡಿ ಹೋಗಿ’ ಅಂದ. ಇಳಿದೆ. 1901ರಿಂದ ನಿಂತಿರುವ ದೀಪಸ್ತಂಭದ ಕಡೆಯ ದಾರಿ. ಹಂಚಿನ ಮನೆ. ಜಗಲಿಯಲ್ಲಿ ಆ ತಾಯಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಬೇಡ ಕೂತುಕೊಳ್ಳಿ ಅಂದೆ.

‘ಇವ ಹೇಳಿದ್ನಾ? ಎಂತದೋ ಹಾಡಂತೆ. ಹಾಡು ಅಂತಾನೆ, ರಾಗವೇ ಇಲ್ಲ! ಸಣ್ಣದಿರುವಾಗ ಇವ ಇಷ್ಟು ಮಾತಾಡ್ತಿರ್ಲಿಲ್ಲ ಮಾರಾಯ್ರೆ.’

ನನಗೆ ನಗು ತಡೆಯಲಾಗಲಿಲ್ಲ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಒಬ್ಬ ತಂಗಿ ಶಾಲೆ 시작ವಾಗುವ ಮುಂಚೆ ಇಟ್ಟುಕೊಂಡ ಪಾರ್ಟಿಯಲ್ಲಿ ಅಣ್ಣ ಕೂಲ್ ಹರ್ಕ್ ರೆಕಾರ್ಡು ತಿರುಗಿಸಿದಾಗ ಅಂತ ಪುಸ್ತಕಗಳು ಹೇಳುತ್ತವೆ. ಅಂದಿನಿಂದ ಇಂದಿನವರೆಗೆ ಜಗತ್ತಿನ ಎಲ್ಲ ತಾಯಂದಿರೂ ಹೇಳಿರುವುದು ಇದೊಂದೇ ಮಾತು ಇರಬೇಕು!

‘ನಾಲ್ಕನೇ ಹಾಡು ಹೇಳು’ ಅಂದೆ ಹುಡುಗನಿಗೆ. ಬಸ್ಸಿನಲ್ಲಿ ನೋಟುಬುಕ್ಕು ತಿರುವುವಾಗ ಅದಕ್ಕೊಂದು ಕಿವಿ ಮಡಿಸಿಟ್ಟಿದ್ದೆ. ಉಳಿದ ಏಳರಲ್ಲಿ ನಾಲ್ಕು ‘ತ್ರೀ ಪೆಗ್’ನ ತಮ್ಮಂದಿರು. ಎರಡು ಕೈಕೊಟ್ಟ ಹುಡುಗಿಯ ಮೇಲೆ. ಒಂದು ದೈವದ್ದು. ಈ ನಾಲ್ಕನೆಯದು ಮಾತ್ರ ಎಲ್ಲಿಯೂ ಕೇಳದ್ದು. ಅಮ್ಮನ ಬೆರಳಿನ ಮೇಲೆ ಬರೆದದ್ದು. ಎಲೆ, ಕತ್ತರಿ, ತಂಬಾಕು, ನೂಲು. ಎಣಿಕೆಯೇ ಅದರ ತಾಳ.

ಹುಡುಗ ನಾಚಿದ. ‘ಅಮ್ಮ ಕೇಳಿಲ್ಲ ಸಾರ್ ಅದನ್ನು.’

‘ಅದಕ್ಕೇ ಹೇಳು ಅಂದದ್ದು.’

ಟೊಪ್ಪಿ ತೆಗೆದು ಜಗಲಿಯ ಕಂಬಕ್ಕೆ ಸಿಕ್ಕಿಸಿ, ತೊಡೆಗೆ ತಟ್ಟಿ ಶುರು ಮಾಡಿದ. ಬಸ್ ಸ್ಟ್ಯಾಂಡಿನ ಕಂಡಕ್ಟರನ ಹಾಗೆಯೇ, ಉಸಿರೇ ತೆಗೆಯದೆ. ತುಳುವಿನಲ್ಲಿ ಎಣಿಸಿ ಕನ್ನಡದಲ್ಲಿ ಜಗಳವಾಡುತ್ತದೆ ಆ ಹಾಡು. ಅಮ್ಮನ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಸುತ್ತು, ಮಡಚು, ನೂಲು. ಸುತ್ತು, ಮಡಚು, ನೂಲು. ಆದರೆ ಮಧ್ಯದಲ್ಲಿ ಎಲ್ಲೋ ಆ ಕೈಯ ವೇಗ ಅವನ ಬಾಯಿಯ ವೇಗಕ್ಕೆ ಬಂದು ಸೇರಿತು. ಅಮ್ಮನಿಗೆ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ನಾನು ಮಾತ್ರ ನೋಡಿದೆ.

ಹಾಡು ಮುಗಿಯಿತು. ಅಮ್ಮ ತಲೆ ಎತ್ತಲಿಲ್ಲ.

‘ಲೆಕ್ಕ ತಪ್ಪಿದೆ’ ಅಂದರು.

‘ಎಂತದು?’

‘ಸಾವಿರ ಬೀಡಿಗೆ ಐವತ್ತು ಕಟ್ಟು ಅಂತ ಹೇಳಿದ್ದಿ. ಇಪ್ಪತ್ತೈದರ ಕಟ್ಟು ನಮ್ಮದು. ಸಾವಿರಕ್ಕೆ ನಲವತ್ತು. ಇಷ್ಟು ವರ್ಷ ಮನೆಯಲ್ಲಿ ಕೂತು ಎಂತ ನೋಡಿದ್ದಿ ನೀನು?’

ಹುಡುಗ ಪೆನ್ನು ತೆಗೆದ. ಹಾಳೆಯ ಮೇಲೆ ಬಗ್ಗಿ ತುಟಿಯಲ್ಲೇ ಒಂದು ಸಲ ಹೇಳಿ ನೋಡಿಕೊಂಡ. ಐವತ್ತು ಹೋಗಿ ನಲವತ್ತು ಬಂದರೂ ಪ್ರಾಸ ಕೆಡಲಿಲ್ಲ.

ಡಿಪಾಸಿಟ್ಟಿನ ಮಾತು ಅಂದು ಯಾರೂ ಎತ್ತಲಿಲ್ಲ. ನಾನು ಕಷಾಯ ಕುಡಿದು ಹೊರಟೆ. ಬಸ್ಸಿಗೆ ಕಾಯುತ್ತಿರುವಾಗ ಹುಡುಗ ಓಡಿ ಬಂದು, ಒಂದು ಹಾಡಿಗೆ ಹದಿನೈದು ಸಾವಿರವಾದರೆ ತನ್ನ ಎರಡು ತಿಂಗಳ ಸಂಬಳದಲ್ಲಿ ಆಗುತ್ತದೆ, ಕಾರ್ಕಳದವನಿಗೆ ಫೋನು ಮಾಡುತ್ತೇನೆ ಅಂದ. ಅಷ್ಟರಲ್ಲಿ ಉಡುಪಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ‘ಪಾಂಗಾಳ ಕಟಪಾಡಿ ಉದ್ಯಾವರ ಉಡ್ಪಿ ಉಡ್ಪಿ’ ಅಂತ ತನ್ನ ಹಾಡು ಶುರು ಮಾಡಿದ್ದ.